ತಲೆಯ ಚೀಟಿಗಳು

ಚಿತ್ತಾಪುರ
೪ ಫೆಬ್ರುವರಿ ೨೦೨೪

ಚಿ. ಸೌ. ಪ್ರೀತಿಗೆ,

ಮಾವ ಮಾಣಿಕಪ್ಪನ ಆಶೀರ್ವಾದ. ‘ಸೌ.’ ಅಂತ ಕೈ ರೂಢಿಯ ಮೇಲೆ ಬರೆದುಬಿಟ್ಟಿತು. ನೋಡಿದ ಮೇಲೂ ಹೊಡೆದುಹಾಕಲು ಮನಸ್ಸಾಗಲಿಲ್ಲ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತ ಊರ ಮಕ್ಕಳ ತಪ್ಪನ್ನೆಲ್ಲ ಹೊಡೆದಿದ್ದೇನೆ. ಇದೊಂದು ಉಳಿಯಲಿ.

ನೀನು ಪೋರ್ಚುಗಲ್ಲಿಗೆ ಹೋಗಿ ಮೂರು ತಿಂಗಳಾಯಿತು. ಒಂದು ಫೋನಿಲ್ಲ. ನನಗೆ ಹೇಗೂ ಕಿವಿ ಹೋಗಿದೆ, ನನ್ನ ಮಾತು ಬಿಡು. ನಿಮ್ಮತ್ತೆ ಮಾತ್ರ ಮಗಳು ಅಂಬಿಕಾಳ ಮೊಬೈಲನ್ನು ದಿನಾ ತಿರುವಿ ತಿರುವಿ ನೋಡುತ್ತಾಳೆ. “ಮಗನೇ ಹ್ವಾದ ಮ್ಯಾಲ ಸೊಸಿ ಯಾಕ ಫೋನ್ ಮಾಡ್ತಾಳ್ರಿ” ಎಂದು ನನ್ನ ಕಿವಿಯ ಹತ್ತಿರ ಬಂದು ಕೂಗುತ್ತಾಳೆ. ಅಲ್ಲಿ ಕೆಲಸ ಭಾಳ ಇರ್ತದ ಅಂತ ನಾನೂ ಕೂಗುತ್ತೇನೆ. ಓಣಿಯವರಿಗೆಲ್ಲ ನಿನ್ನ ಸುದ್ದಿ ಹೀಗೆ ತಿಳಿಯುತ್ತಿದೆ.

ಈಗ ಕೆಲಸದ ಮಾತು. ನಮ್ಮ ಕಡೆಯ ಮಕ್ಕಳಿಗೆಂದು ಇಂಗ್ಲಿಷ್ ನುಡಿಗಟ್ಟುಗಳ ಪುಸ್ತಕ ಬರೆಯುತ್ತಿದ್ದೇನಲ್ಲ, ಕಣ್ಣು, ಕೈ, ಕಾಲು ಮುಗಿದಿವೆ. ತಲೆ ಉಳಿದಿದೆ. ಎಪ್ಪತ್ತು ಚೀಟಿ ಮಾಡಿಟ್ಟು ವರ್ಷವಾಯಿತು, ಮುಂದೆ ಹೋಗುತ್ತಿಲ್ಲ. ನೀನು ಅಲ್ಲಿರುವುದರಿಂದ ಒಂದು ಯೋಚನೆ ಬಂತು. ಇಂಗ್ಲಿಷಿನ ಪಕ್ಕ ಪೋರ್ಚುಗೀಸೂ ಇರಲಿ. ನಾಲ್ಕೈದು ಚೀಟಿ ಇಟ್ಟಿದ್ದೇನೆ. ನನ್ನ ತರಗತಿಯ ನಿಯಮ ನಿನಗೆ ಗೊತ್ತೇ ಇದೆ. ಮೊದಲು ಇಂಗ್ಲಿಷ್, ಆಮೇಲೆ ಅವರದು, ಆಮೇಲೆ ನಮ್ಮದು, ಕೊನೆಗೆ ಒಂದು ವಾಕ್ಯ. ವಾಕ್ಯ ಪುಸ್ತಕದಿಂದ ಎತ್ತಿದ್ದಾಗಬಾರದು. ನಮ್ಮ ನಡುವೆ ನಿಜವಾಗಿ ನಡೆದದ್ದೇ ಆಗಿರಬೇಕು.

ಸಾಯಿಕುಮಾರನ ಕೇಸು ಸೇಡಂ ಕೋರ್ಟಿನಲ್ಲಿ ಹಾಗೇ ಇದೆ. ಲಾರಿಯ ಡ್ರೈವರ್, ಕೊಡ್ಲಿಯ ದಶರಥ, ಇನ್ನೂ ಅದನ್ನೇ ಹೇಳುತ್ತಿದ್ದಾನೆ. ಹುಡುಗ ಹೆಗಲಿಗೆ ತಲೆ ವಾಲಿಸಿ ಫೋನಿನಲ್ಲಿ ಮಾತಾಡುತ್ತ ತನ್ನ ಲಾರಿಯ ಎದುರಿಗೇ ಬಂದ ಅಂತ. ಫೋನು ಪುಡಿಯಾಗಿ ಹೋಗಿದೆ, ಆ ಡ್ರೈವರನ ಪರ ಕೇಳುವವರೂ ಯಾರೂ ಇಲ್ಲ. ನನ್ನ ಮಗ ಗಾಡಿಯ ಮೇಲೆ ಫೋನ್ ಮುಟ್ಟಿದವನಲ್ಲ ಎಂದು ನಾನು ಆಗಲೇ ಪೊಲೀಸರಿಗೆ ಬರೆದುಕೊಟ್ಟಿದ್ದೇನೆ. ಕಟಕಟೆಯಲ್ಲಿ ನಿಂತು ಹೇಳುವುದೊಂದು ಬಾಕಿ. ಮಾಸ್ತರ ಮಾತೆಂದರೆ ಇಲ್ಲಿ ಈಗಲೂ ಬೆಲೆಯಿದೆ. ಅವನಿಗೆ ಜೈಲಾಗುತ್ತದೆ. ಆಗಲೇಬೇಕು.

ಹೊತ್ತಿಗೆ ಸರಿಯಾಗಿ ಊಟ ಮಾಡು.

ಮಾಣಿಕಪ್ಪ


ಬೇಜ, ಪೋರ್ಚುಗಲ್
೧೦ ಮಾರ್ಚ್ ೨೦೨೪

ಮಾವನವರಿಗೆ ಪ್ರೀತಿಯ ನಮಸ್ಕಾರಗಳು.

ಪತ್ರ ಬಂತು. ಫೋನ್ ಮಾಡಬೇಕು ಅಂದುಕೊಳ್ಳುತ್ತೇನೆ, ಅಲ್ಲಿಯ ವೇಳೆಗೂ ಇಲ್ಲಿಯ ವೇಳೆಗೂ ಹೊಂದುವುದಿಲ್ಲ. ಅತ್ತಿಯವರಿಗೆ ಹಾಗೆ ಹೇಳಿರಿ.

ನಾನು ಆರೈಕೆ ಮಾಡುವ ಅಜ್ಜಿಯ ಹೆಸರು ದೋನ ಗ್ರಾಸ. ಎಂಬತ್ತನಾಲ್ಕು ವರ್ಷ. ಈ ಊರಿನಲ್ಲಿ ನಲವತ್ತು ವರ್ಷ ಹೆಂಗಸರ ಕೂದಲು ಕತ್ತರಿಸುವ ಅಂಗಡಿ ನಡೆಸಿದವರು. ಊರಿನ ತಲೆಗಳೆಲ್ಲ ಅವರ ಕೈಯಲ್ಲಿ ತೊಳೆಸಿಕೊಂಡವೇ. ಹಾಗಾಗಿ ನಿಮ್ಮ ಚೀಟಿಗೆ ಇವರಿಗಿಂತ ಒಳ್ಳೆಯ ಪಂಡಿತರು ಸಿಗುವುದಿಲ್ಲ. ತಲೆಗೆ ಇಲ್ಲಿ ಕಬೇಸ ಅನ್ನುತ್ತಾರೆ. ಈಗ ಅಜ್ಜಿಗೆ ಸೊಂಟ ಮುರಿದಿದೆ, ಅವರ ತಲೆಯನ್ನು ನಾನು ತೊಳೆಯುತ್ತೇನೆ.

ಚೀಟಿ ಒಂದು. ಹೆಡ್ ಆರ್ ಟೇಲ್ ತಿಳಿಯದಿರುವುದು. ಇವರು ‘ಸೆಂ ಪೇಶ್ ನೆಂ ಕಬೇಸ’ ಅನ್ನುತ್ತಾರೆ, ಕಾಲೂ ಇಲ್ಲ ತಲೆಯೂ ಇಲ್ಲ. ನಮ್ಮದು ತಲೆಬುಡ ಇಲ್ಲದ್ದು. ವಾಕ್ಯ: ನಾನು ನರ್ಸಾಗಿದ್ದ ಶಹಾಬಾದಿನ ಆಸ್ಪತ್ರೆಗೆ ಕುಂಚಾವರಂ ಕಡೆಯ ಅಜ್ಜಿ ಬಂದು ತೆಲುಗಿನಲ್ಲಿ ಹೊಟ್ಟೆನೋವು ಹೇಳಿದಳು, ಡಾಕ್ಟರಿಗೆ ತಲೆಬುಡ ತಿಳಿಯಲಿಲ್ಲ.

ಚೀಟಿ ಎರಡು. ಹೆಡ್ಡಿಗೆ ಹೋಗುವುದು. ಇವರದು ‘ಸುಬೀರ್ ಆ ಕಬೇಸ’, ನಮ್ಮ ತಲೆಗೇರುವುದೇ. ವಾಕ್ಯ: ಆಸ್ಪತ್ರೆಯ ಜವಾನ ಸುರೇಶಕುಮಾರನಿಗೆ ವಾರ್ಡಿನ ಬೀಗದ ಕೈ ಕೊಟ್ಟಿದ್ದೇ ತಡ, ಅಧಿಕಾರ ತಲೆಗೇರಿತು.

ಚೀಟಿ ಮೂರು. ಹೆಡ್ ಮೋಡದಲ್ಲಿರುವವರಿಗೆ ಇವರು ‘ಕಬೇಸ ದ ಆಲ್ಯು ಶೋಶು’ ಅನ್ನುತ್ತಾರೆ. ಒಳಗೆ ಒಣಗಿ ಟೊಳ್ಳಾದ ಬೆಳ್ಳುಳ್ಳಿ ಗಡ್ಡೆಯಂಥ ತಲೆ. ನಮ್ಮಲ್ಲಿ ಇದಕ್ಕೆ ಏನಿದೆಯೋ ನನಗೆ ಹೊಳೆಯಲಿಲ್ಲ. ವಾಕ್ಯ: ಚಹಾಕ್ಕೆ ಉಪ್ಪು ಹಾಕಿದ ನನ್ನನ್ನು ಅಜ್ಜಿ ಹಾಗೆ ಕರೆದರು.

ಇನ್ನೊಂದು ವಿಷಯ. ಶಹಾಬಾದಿನಲ್ಲಿ ಹೆಂಗಸರು ತಲೆಯ ಮೇಲೆ ಫರಸಿಕಲ್ಲು ಹೊರುವ ಫೋಟೋ ತೋರಿಸಿದೆ. ಹಿಂದೆ ಇಲ್ಲಿಯೂ ಹೆಂಗಸರು ತಲೆಗೆ ಬಟ್ಟೆಯ ಸಿಂಬಿ ಸುತ್ತಿ ನೀರು ಹೊರುತ್ತಿದ್ದರಂತೆ. ಕೆಲವು ಕಡೆ ಸಿಂಬಿಗೆ ‘ಸೋಗ್ರ’ ಅನ್ನುತ್ತಿದ್ದರಂತೆ, ಹಾಗೆಂದರೆ ಅತ್ತೆ. ತಲೆಯ ಮೇಲೆ ಕೂರುವವಳು ಅಂತಲೋ ಏನೋ. ಅತ್ತಿಯವರಿಗೆ ಇದನ್ನು ಹೇಳಬೇಡಿರಿ.

ಕೇಸಿನ ವಿಷಯ ಓದಿದೆ.

ಪ್ರೀತಿ


ಚಿತ್ತಾಪುರ
೬ ಏಪ್ರಿಲ್ ೨೦೨೪

ಚಿ. ಸೌ. ಪ್ರೀತಿಗೆ ಆಶೀರ್ವಾದ.

ಹೇಳಬೇಡ ಅಂದದ್ದನ್ನೇ ಮೊದಲು ಹೇಳಿದೆ. ನಿಮ್ಮತ್ತೆ ರೊಟ್ಟಿ ಬಡಿಯುತ್ತಿದ್ದಳು. “ಹೌದಲ್ಲ ಮತ್ತ, ಅತ್ತಿ ಇಲ್ದ ಭಾರ ಹೊತ್ರ ತಲಿ ನೋಯ್ತದ ಅಂತ ಆ ದೇಶದಾಗೂ ಗೊತ್ತದ” ಅಂದು ನಕ್ಕಳು. ಅವಳು ನಕ್ಕದ್ದನ್ನು ನಾನು ಒಂದು ವರ್ಷ ಮೂರು ತಿಂಗಳ ಮೇಲೆ ನೋಡಿದೆ. ಆಮೇಲೆ ತಾನು ನಕ್ಕದ್ದು ನೆನಪಾಗಿ ಮತ್ತೆ ರೊಟ್ಟಿ ಬಡಿಯತೊಡಗಿದಳು.

ಚೀಟಿಗಳು ಚೆನ್ನಾಗಿವೆ. ಬೆಳ್ಳುಳ್ಳಿಗೆ ನಮ್ಮದು ಇಲ್ಲ ಅಂದೆಯಲ್ಲ, ನಮ್ಮಲ್ಲಿ ಮೊಸರು ಗಡಿಗೆ ಇದೆ. ತಲೆ ಕೆಟ್ಟು ಮೊಸರು ಗಡಿಗೆ ಆಗುವುದು. ಆದರೆ ಅದು ಕಲಕಿದ ತಲೆ, ನಿನ್ನದು ಖಾಲಿ ತಲೆ. ಎರಡನ್ನೂ ಒಂದೇ ಸಾಲಿನಲ್ಲಿ ಕೂರಿಸುವ ಹಾಗಿಲ್ಲ. ಯೋಚಿಸುತ್ತೇನೆ.

ಹೊಸ ನಾಲ್ಕು ಚೀಟಿ ಇವೆ. ಹೆಡ್ ಕಳೆದುಕೊಳ್ಳುವುದು, ಹೆಡ್ ಇಳಿಬಿಡುವುದು, ಯಾವುದಕ್ಕೂ ಹೆಡ್ ಇಲ್ಲದಿರುವುದು, ಮತ್ತೆ ಆನ್ ಯುವರ್ ಓನ್ ಹೆಡ್ ಬಿ ಇಟ್. ಕೊನೆಯದು ಕಠಿಣ. ಆಗುವುದೆಲ್ಲ ನಿನ್ನ ತಲೆಯ ಮೇಲೆ ಅನ್ನುವ ಅರ್ಥ.

ಕೋರ್ಟಿನಲ್ಲಿ ಮತ್ತೆ ತಾರೀಖು ಮುಂದೆ ಹಾಕಿದರು. ದಶರಥ ಮೂಲೆಯಲ್ಲಿ ನಿಂತಿದ್ದ. ಲಾರಿಯ ಮಾಲಕ ಅವನನ್ನು ಬಿಟ್ಟಿದ್ದಾನೆ, ಈಗ ಸೇಡಂ ಬಜಾರಿನಲ್ಲಿ ತೊಗರಿ ಚೀಲ ಹೊರುತ್ತಾನಂತೆ. ಹೊರಲಿ.

ಮಾಣಿಕಪ್ಪ


ಬೇಜ
೧೨ ಮೇ ೨೦೨೪

ಮಾವನವರಿಗೆ,

ಚೀಟಿಗಳು ಇಲ್ಲಿವೆ. ಹೆಚ್ಚು ಬರೆಯಲು ಏನೂ ಇಲ್ಲ. ಇಲ್ಲಿ ಬಿಸಿಲು ಶುರುವಾಗಿದೆ, ನಮ್ಮ ಕಡೆಯದೇ ಬಿಸಿಲು. ನಾನು ಏಳುತ್ತೇನೆ, ಕೆಲಸ ಮಾಡುತ್ತೇನೆ, ಮಲಗುತ್ತೇನೆ. ಬಹಳ ಹೊತ್ತು ಮಡಿಚಿ ಕುಳಿತ ಕಾಲಿಗೆ ಜೋಮು ಹಿಡಿಯುತ್ತದಲ್ಲ, ಮೈಯೆಲ್ಲ ಹಾಗಿದೆ. ಚಿವುಟಿದರೆ ಬೇರೆ ಯಾರನ್ನೋ ಚಿವುಟಿದಂತೆ. ನೋವಿಲ್ಲ, ಅದಕ್ಕೇ ದೂರೂ ಇಲ್ಲ.

ಹೆಡ್ ಕಳೆದುಕೊಳ್ಳುವುದು: ಪರ್ದೇರ್ ಅ ಕಬೇಸ. ತಲೆ ಕೆಡುವುದು. ವಾಕ್ಯ: “ಗಾಡಿ ಮ್ಯಾಲ ಇದ್ದೀನಿ, ಇಡು” ಎಂದು ಗಂಡ ಎರಡು ಸಲ ಅಂದರೂ ಹೆಂಡತಿ ಫೋನ್ ಇಡಗೊಡಲಿಲ್ಲ, ಅವಳಿಗೆ ತಲೆ ಕೆಟ್ಟಿತ್ತು.

ಹೆಡ್ ಇಳಿಬಿಡುವುದು: ಬೈಶಾರ್ ಅ ಕಬೇಸ. ತಲೆ ತಗ್ಗಿಸುವುದು. ವಾಕ್ಯ: ಹೆಣದ ಮುಂದೆ ಮನೆಯವರೆಲ್ಲ ಅತ್ತರು, ಅವಳು ತಲೆ ತಗ್ಗಿಸಿ ಕುಳಿತಳು, ಪಾಪ ದುಃಖಕ್ಕೆ ಕಣ್ಣೀರೇ ಬತ್ತಿದೆ ಎಂದು ಜನ ಅಂದುಕೊಂಡರು.

ಯಾವುದಕ್ಕೂ ಹೆಡ್ ಇಲ್ಲದಿರುವುದು: ನೌಂ ತೇರ್ ಕಬೇಸ ಪಾರ ನಾದ. ಇವರು ತಲೆಯಿಲ್ಲ ಅನ್ನುವ ಕಡೆ ನಾವು ಮನಸ್ಸಿಲ್ಲ ಅನ್ನುತ್ತೇವೆ. ವಾಕ್ಯ ಬೇಡ, ಮೇಲೆ ಬರೆದಿದ್ದೇನಲ್ಲ.

ಕೊನೆಯದಕ್ಕೆ ಇವರಲ್ಲಿ ತಲೆಯೇ ಇಲ್ಲ ಮಾವ. ಪರರ ತಪ್ಪನ್ನು ಇವರು ಬೆನ್ನಿನ ಮೇಲೆ ಹೊರುತ್ತಾರೆ. ಎಲ್ಲರ ತಪ್ಪೂ ಯಾರ ಮೇಲೆ ಬೀಳುತ್ತದೋ ಅವನಿಗೆ ಅಗಲವಾದ ಬೆನ್ನಿದೆ ಅನ್ನುತ್ತಾರೆ. ನಾವಾದರೆ ತಲೆಗೆ ಕಟ್ಟುತ್ತೇವೆ. ವಾಕ್ಯ: ನರ್ಸು ಮಾಡಿದ ತಪ್ಪನ್ನು ಕೊಡ್ಲಿಯವನ ತಲೆಗೆ ಕಟ್ಟಿದರು.

ಪ್ರೀತಿ


ಚಿತ್ತಾಪುರ
೧೦ ಜೂನ್ ೨೦೨೪

ಚಿ. ಸೌ. ಪ್ರೀತಿಗೆ ಆಶೀರ್ವಾದ.

ಚೀಟಿ ತಿದ್ದಿ ವಾಪಸು ಇಟ್ಟಿದ್ದೇನೆ. ಕೆಂಪು ಶಾಯಿ ನೋಡಿ ಬೇಸರಪಡಬೇಡ.

ಮೊದಲ ವಾಕ್ಯ ಉದ್ದವಾಯಿತು, ಅರ್ಧ ಮಾಡಿದೆ. ಎರಡನೆಯದರಲ್ಲಿ ಹೆಣ ಬೇಡ, ಓದುವವರು ಮಕ್ಕಳು. ಅಲ್ಲಿ ‘ಪರೀಕ್ಷೆಯಲ್ಲಿ ನಪಾಸಾದವನು ತಲೆ ತಗ್ಗಿಸಿದ’ ಅಂತ ಹಾಕಿದ್ದೇನೆ. ನಾಲ್ಕನೆಯದರಲ್ಲಿ ಊರಿನ ಹೆಸರು ಬೇಕಿಲ್ಲ, ಯಾರಾದರೂ ಮನಸ್ಸಿಗೆ ಹಚ್ಚಿಕೊಂಡಾರು. ‘ಬೆಕ್ಕು ಹಾಲು ಕುಡಿದದ್ದನ್ನು ನೆರೆಯವಳ ತಲೆಗೆ ಕಟ್ಟಿದಳು’ ಅಂದರೆ ಸಾಕು. ಬೆನ್ನಿನ ವಿಷಯ ಹೊಸದು, ಅದನ್ನು ಅಡಿಟಿಪ್ಪಣಿಯಲ್ಲಿ ಕೊಡೋಣ.

ಹೋದ ವಾರ ದಶರಥನ ಹೆಂಡತಿ ತುಳಜಾಬಾಯಿ ಮನೆಗೆ ಬಂದಿದ್ದಳು. ಕೊಡ್ಲಿಯಿಂದ ಎರಡು ಬಸ್ಸು ಬದಲಿಸಿ ಬಂದು ಹೊಸ್ತಿಲ ಹೊರಗೆ ಕುಳಿತಳು. ಏನೂ ಕೇಳಲಿಲ್ಲ. ನಿಮ್ಮತ್ತೆ ಬಹಳ ಹೊತ್ತು ಒಳಗೇ ಇದ್ದಳು. ಆಮೇಲೆ ಹೊರಗೆ ಬಂದು ಅವಳ ಎದುರಿಗೆ ಕುಳಿತು ಒಂದೇ ಮಾತು ಕೇಳಿದಳಂತೆ. ನನಗೆ ಅಂಬಿಕಾ ಬರೆದು ತೋರಿಸಿದಳು. “ನಿನ್ನ ಗಂಡ ಲಾರಿ ಇಳದು ನೋಡ್ಯಾನಲ್ಲ, ನನ್ನ ಮಗ ಕಡೀಕ ಏನರ ಅಂದ್ನಂತೇನು? ಅವ್ವಾ ಅಂದ್ನೇನು?” ತುಳಜಾಬಾಯಿ, “ಏನೂ ಅಂದಿಲ್ಲಂತ ಯಕ್ಕಾ, ಅಷ್ಟರಾಗ ಎಲ್ಲಾ ಮುಗದಿತ್ತಂತ” ಅಂದಳು. ನಿಮ್ಮತ್ತೆ ಎದ್ದು ಬಾಗಿಲು ಹಾಕಿಕೊಂಡಳು.

ಅವಳಿಗೆ ಅದೊಂದೇ ಹುಚ್ಚು ಹಿಡಿದಿದೆ. ಮಗ ಬೀದಿಯಲ್ಲಿ ಒಬ್ಬನೇ ಹೋದ, ಅವನ ಕೊನೆಯ ಮಾತು ಯಾರ ಕಿವಿಗೂ ಬೀಳಲಿಲ್ಲ ಅಂತ. ಊಟಕ್ಕೆ ಕೂತಾಗ ಅದೇ, ರೊಟ್ಟಿ ಬಡಿಯುವಾಗ ಅದೇ.

ನನ್ನ ಸಾಕ್ಷಿ ಡಿಸೆಂಬರಿಗೆ ಹೋಗಿದೆ. ಇನ್ನು ಮುಂದೆ ಹಾಕುವುದಿಲ್ಲವಂತೆ.

ಮಾಣಿಕಪ್ಪ


ಬೇಜ
೧೫ ಸೆಪ್ಟೆಂಬರ್ ೨೦೨೪

ಮಾವನವರಿಗೆ,

ನಿಮ್ಮ ಪತ್ರ ಬಂದು ಎರಡೂವರೆ ತಿಂಗಳಾಯಿತು. ಚೀಟಿಗಳನ್ನು ನೀವು ತಿದ್ದಿದ್ದೀರಿ. ತಿದ್ದಬೇಡಿರಿ ಮಾವ. ನೀವೇ ಹೇಳಿದ ನಿಯಮ ಅದು, ನಡೆದದ್ದನ್ನೇ ಬರೆಯಬೇಕು. ನಾನು ನಡೆದದ್ದನ್ನೇ ಬರೆದಿದ್ದೆ.

ಮೊದಲು ದೋನ ಗ್ರಾಸ ಅಜ್ಜಿಗೆ ಹೇಳಿದೆ, ಅವರ ತಲೆ ತೊಳೆಯುತ್ತ, ನನ್ನ ಮುರುಕು ಪೋರ್ಚುಗೀಸಿನಲ್ಲಿ. ಈ ಭಾಷೆಯಲ್ಲಿ ಏನು ಹೇಳಿದರೂ ನನಗೆ ತಾಗುವುದಿಲ್ಲ. ಮಾರ್ಕೆಟ್ಟಿನ ಚೀಟಿ ಓದಿದಂತೆ ಹೇಳಿ ಮುಗಿಸಿದೆ. ಅಜ್ಜಿ ಕಣ್ಣು ಮುಚ್ಚಿಕೊಂಡೇ ಕೇಳಿದರು. ಕೊನೆಗೆ ‘ಕಾದ ಕಬೇಸ, ಸುವ ಸೆಂತೆನ್ಸ’ ಅಂದರು. ಒಂದೊಂದು ತಲೆಗೂ ಅದರದೇ ತೀರ್ಪು ಎಂದು ಅದರ ಅರ್ಥ. ನಾಲ್ಕು ಜನ ನಾಲ್ಕು ತರಹ ಹೇಳುವಾಗ ಇಲ್ಲಿಯವರು ಅನ್ನುವ ಗಾದೆ, ಇಂಗ್ಲಿಷಿನಲ್ಲೂ ಇಂಥದೊಂದು ಇದ್ದೀತು. ಅಜ್ಜಿ ಯಾಕೆ ಅಂದರೋ ತಿಳಿಯದು. ನನಗೆ ಮಾತ್ರ ನನ್ನ ತೀರ್ಪನ್ನು ಇನ್ನೊಬ್ಬರು ಹೊರುತ್ತಿದ್ದಾರೆ ಅನಿಸಿತು. ಇನ್ನು ಕನ್ನಡದಲ್ಲಿ ಬರೆಯುತ್ತೇನೆ.

ಆ ದಿನ ಸಂಜೆ ಆರಕ್ಕೆ ಅವರಿಗೆ ಫೋನ್ ಮಾಡಿದ್ದು ನಾನು. ವಾರದ ರಜೆ ಇತ್ತು, ಮನೆಯಲ್ಲಿದ್ದೆ. ಮಾಳಿಗೆಯ ಮೇಲೆ ಒಣಗಿದ ಬಟ್ಟೆ ತೆಗೆಯಲು ಹೋಗಿ ಮಾಡಿದೆ. ಸೇಡಂನಿಂದ ಹೊರಟಿದ್ದರು. ಗಾಡಿಯ ಮೇಲಿದ್ದೀನಿ ಅಂದರು. ಇಡಬೇಡಿರಿ, ಇದನ್ನೊಂದು ಕೇಳಿರಿ ಅಂದೆ. ಎರಡು ಸಲ ಇಡುತ್ತೇನೆ ಅಂದರು, ಎರಡು ಸಲವೂ ನಾನು ಬಿಡಲಿಲ್ಲ. ಏನು ಮಾತಾಡುತ್ತಿದ್ದೆವು ಅನ್ನುವುದನ್ನು ಬರೆಯಲಾರೆ. ಹಾರನ್ ಕೇಳಿತು, ಬಹಳ ಹೊತ್ತು ಕೇಳಿತು. ಲಾರಿಯವನು ಹೊಡೆಯುತ್ತಲೇ ಇದ್ದ. ಆಮೇಲೆ ಏನೂ ಕೇಳಲಿಲ್ಲ. ದಶರಥ ಹೇಳುತ್ತಿರುವುದು ಖರೆ.

ಇಷ್ಟೇ ಅಲ್ಲ. ನಾನು ಕೆಳಗೆ ಬರಲಿಲ್ಲ. ಜನ ಬಂದು ಬಾಗಿಲು ಬಡಿಯುವತನಕ, ಒಂದು ಗಂಟೆ, ಮಾಳಿಗೆಯ ಮೇಲೆ ಬಟ್ಟೆ ಮಡಿಚುತ್ತ ಕುಳಿತಿದ್ದೆ. ಮಡಿಚಿದ್ದನ್ನೇ ಬಿಚ್ಚಿ ಮತ್ತೆ ಮಡಿಚಿದೆ. ಅವತ್ತು ಹಿಡಿದ ಜೋಮು ಇದು. ಅತ್ತಿ ಕೆಳಗೆ ಅವರಿಗೆಂದು ಪುಂಡಿಪಲ್ಯ ಕುದಿಸುತ್ತಿದ್ದರು, ವಾಸನೆ ಬರುತ್ತಿತ್ತು.

ಫೋನ್ ಮಾಡದಿರುವುದಕ್ಕೆ ವೇಳೆಯ ನೆಪ ಹೇಳಿದೆ. ಫೋನ್ ಕಿವಿಗೆ ಹಿಡಿದರೆ ನನಗೆ ಆ ಹಾರನ್ ಕೇಳುತ್ತದೆ. ಅತ್ತಿಯ ದನಿ ಕೇಳಿದರೆ ಹೇಳಿಬಿಡುತ್ತೇನೆ ಅನ್ನುವ ಹೆದರಿಕೆಯೂ ಇತ್ತು.

ಡಿಸೆಂಬರಿನಲ್ಲಿ ನೀವು ಏನು ಹೇಳಬೇಕೋ ಹೇಳಿರಿ. ನನಗೆ ಹೇಳಿಕೊಡುವ ಹಕ್ಕಿಲ್ಲ. ಆದರೆ ತುಳಜಾಬಾಯಿ ಬಂದು ಹೊಸ್ತಿಲ ಹೊರಗೆ ಕುಳಿತದ್ದನ್ನು ಓದಿದ ಮೇಲೆ ಆ ಜಾಗದಲ್ಲಿ ನಾನು ಕೂರಬೇಕಿತ್ತು ಅನಿಸುತ್ತಿದೆ.

ಪ್ರೀತಿ


ಚಿತ್ತಾಪುರ
೧೪ ಅಕ್ಟೋಬರ್ ೨೦೨೪

ಪ್ರೀತಿಗೆ,

ಪತ್ರ ಮುಟ್ಟಿದೆ. ಇನ್ನು ಚೀಟಿ ಕಳಿಸುವುದು ಬೇಡ.

ಮಾಣಿಕಪ್ಪ


ಬೇಜ
೯ ನವೆಂಬರ್ ೨೦೨೪

ಮಾವನವರಿಗೆ ನಮಸ್ಕಾರ.

ನಿಮ್ಮ ಎರಡು ಸಾಲು ಓದಿದೆ. ಹೆಸರಿನ ಹಿಂದೆ ಈ ಸಲ ‘ಚಿ. ಸೌ.’ ಇರಲಿಲ್ಲ. ಸರಿಯಾಗಿಯೇ ಇದೆ.

ಇನ್ನು ಮುಂದೆ ಬರೆದು ನಿಮಗೆ ತ್ರಾಸು ಕೊಡುವುದಿಲ್ಲ. ನನ್ನ ಸಾಮಾನು ಮಾಳಿಗೆಯ ಕೋಣೆಯಲ್ಲಿ ಒಂದು ಟ್ರಂಕಿನಲ್ಲಿದೆ. ಅಂಬಿಕಾಳಿಗೆ ಬೇಕಾದ್ದು ತೆಗೆದುಕೊಳ್ಳಲಿ.

ಅತ್ತಿಯವರಿಗೆ ನೀವು ಹೇಳಿದ್ದೀರೋ ಇಲ್ಲವೋ ಗೊತ್ತಿಲ್ಲ. ಹೇಳಿದ್ದರೆ ಅವರು ನನ್ನನ್ನು ಏನಂದರೂ ಅಡ್ಡಿಯಿಲ್ಲ. ನನಗೆ ಈಗ ಏನೂ ಅನಿಸುತ್ತಿಲ್ಲ, ಇದನ್ನು ಬರೆಯುವಾಗಲೂ.

ಪ್ರೀತಿ


ಚಿತ್ತಾಪುರ
೧೮ ಡಿಸೆಂಬರ್ ೨೦೨೪

ಚಿ. ಸೌ. ಪ್ರೀತಿಗೆ ಮಾವನ ಆಶೀರ್ವಾದ.

ಎರಡು ತಿಂಗಳ ಹಿಂದೆ ನಾನು ಬರೆದದ್ದು ಪತ್ರವಲ್ಲ. ಆವತ್ತು ಅದಕ್ಕಿಂತ ಹೆಚ್ಚು ಬರೆಯಲು ಕೂತಿದ್ದರೆ ಕೆಟ್ಟದ್ದನ್ನೇ ಬರೆಯುತ್ತಿದ್ದೆ. ನಿನ್ನ ಮೇಲೆ ನನಗೆ ಸಿಟ್ಟು ಬಂದಿತ್ತು. ಬರಲಿಲ್ಲ ಅಂತ ಸುಳ್ಳು ಹೇಳುವುದಿಲ್ಲ. ಆದರೆ ಸಿಟ್ಟಿನ ಅಡಿಯಲ್ಲಿ ಬೇರೆಯದಿತ್ತು, ಅದನ್ನು ಈಗ ಹೇಳುತ್ತೇನೆ.

ಮೇ ತಿಂಗಳ ನಿನ್ನ ಚೀಟಿ ಮೊದಲನೆಯ ಸಲ ಓದಿದಾಗಲೇ ನನಗೆ ತಿಳಿದಿತ್ತು. ಕಿವಿ ಹೋಗಿದೆ, ತಲೆ ಇನ್ನೂ ಇದೆ. ತಿಳಿಯಬಾರದು ಅಂತಲೇ ಕೆಂಪು ಪೆನ್ನು ಹಿಡಿದೆ. ಮಾಸ್ತರಾದವನಿಗೆ ಇದೊಂದು ಅನುಕೂಲ. ವಾಕ್ಯದ ತಪ್ಪು ನೋಡುತ್ತ ಕೂತರೆ ವಾಕ್ಯ ಏನು ಹೇಳುತ್ತಿದೆ ಅಂತ ನೋಡಬೇಕಾಗಿಲ್ಲ.

ಇನ್ನೊಂದು ಇದಕ್ಕಿಂತ ದೊಡ್ಡದು. ಸಾಯಿಕುಮಾರ ಗಾಡಿಯ ಮೇಲೆ ತಲೆ ವಾಲಿಸಿ ಮಾತಾಡುವವನು ಅಂತ ನನಗೆ ಮೊದಲಿನಿಂದ ಗೊತ್ತಿತ್ತು. ನಾನೇ ಎಷ್ಟು ಸಲ ಬೈದಿಲ್ಲ? ಓಣಿಯಲ್ಲಿ ಅವನನ್ನು ‘ವಾರಿ ಸಾಯಿ’, ಓರೆ ತಲೆಯ ಸಾಯಿ, ಅಂತ ಕರೆಯುತ್ತಿದ್ದರು, ಅದೂ ನನಗೆ ಗೊತ್ತು. ಆದರೂ ಪೊಲೀಸರು ಕೇಳಿದಾಗ ಇಲ್ಲ ಅಂತ ಬರೆದುಕೊಟ್ಟೆ. ಸತ್ತವನ ಮೇಲೆ ತಪ್ಪು ಬರಬಾರದು, ಬದುಕಿದವನು ಯಾರಾದರೂ ಹೊರಲಿ ಅನ್ನುವುದಷ್ಟೇ ಆಗ ನನ್ನ ವಿಚಾರ. ನೀನು ಸುಮ್ಮನಿದ್ದೆ. ನಾನು ಸುಳ್ಳು ಬರೆದೆ. ತಲೆಗೆ ಕಟ್ಟಿದವನು ನಾನು, ನೀನಲ್ಲ.

ಮೊನ್ನೆ ಸೋಮವಾರ ಸಾಕ್ಷಿಯಾಯಿತು. ನಿಮ್ಮತ್ತೆಯೂ ಬಂದಿದ್ದಳು, ಬೇಡ ಅಂದರೂ ಕೇಳಲಿಲ್ಲ. ಅವಳಿಗೆ ನಾನು ಏನೂ ಹೇಳಿರಲಿಲ್ಲ. ಧೈರ್ಯವಾಗಿರಲಿಲ್ಲ. ನನಗೆ ಕೇಳುವುದಿಲ್ಲವೆಂದು ಜಡ್ಜ್ ಸಾಹೇಬರು ಪ್ರಶ್ನೆಗಳನ್ನು ಹಾಳೆಯ ಮೇಲೆ ಬರೆಸಿ ನನ್ನ ಕೈಗೆ ಕೊಡಿಸುತ್ತಿದ್ದರು. ಹೆಸರೇನು, ವಯಸ್ಸೆಷ್ಟು, ಸತ್ತವನು ಏನಾಗಬೇಕು. ನಾಲ್ಕನೆಯ ಹಾಳೆಯಲ್ಲಿ ಅದು ಬಂತು. ‘ನಿಮ್ಮ ಮಗನಿಗೆ ವಾಹನ ನಡೆಸುವಾಗ ಫೋನಿನಲ್ಲಿ ಮಾತನಾಡುವ ಅಭ್ಯಾಸ ಇತ್ತೇ?’ ಕೈಬರಹ ದುಂಡಗಿತ್ತು, ಒಂದೂ ತಪ್ಪಿರಲಿಲ್ಲ. ಇತ್ತು ಅಂದೆ. ಆ ದಿನವೂ ಮಾತಾಡುತ್ತಿದ್ದ, ಹೆಂಡತಿಯ ಜೊತೆ, ಅವಳು ನನಗೆ ತಿಳಿಸಿದ್ದಾಳೆ, ಪೊಲೀಸರಿಗೆ ನಾನು ಸುಳ್ಳು ಬರೆದುಕೊಟ್ಟಿದ್ದೆ ಅಂದೆ. ನಿನ್ನ ಪತ್ರ ಕೊಡಲಿಲ್ಲ. ಅದು ನನಗೆ ಬರೆದದ್ದು. ಫೋನ್ ಕಂಪನಿಯಿಂದ ದಾಖಲೆ ತರಿಸುತ್ತಾರಂತೆ. ಅದು ಬಂದ ಮೇಲೆ ಕೇಸು ನಿಲ್ಲುವುದಿಲ್ಲ ಅಂತ ವಕೀಲರು ಬರೆದು ತೋರಿಸಿದರು.

ಕಿವುಡನಿಗೆ ತನ್ನ ದನಿಯ ಅಳತೆ ಗೊತ್ತಾಗುವುದಿಲ್ಲ. ನಾನು ಮೆಲ್ಲಗೆ ಹೇಳಿದೆ ಅಂದುಕೊಂಡಿದ್ದೆ. ತಿರುಗಿ ನೋಡಿದರೆ ಹಿಂದಿನ ಬೆಂಚಿನಲ್ಲಿದ್ದ ನಿಮ್ಮತ್ತೆ ಎದ್ದು ನಿಂತಿದ್ದಳು. ಹೊರಗಿನ ಬೇವಿನ ಮರದ ಕೆಳಗೆ ಕುಳಿತವರಿಗೂ ಕೇಳಿತಂತೆ.

ದಶರಥ ನನ್ನ ಕಡೆ ನೋಡಲಿಲ್ಲ, ಕೈ ಮುಗಿಯಲಿಲ್ಲ. ಎರಡು ವರ್ಷ ಅವನನ್ನು ಸುಳ್ಳುಗಾರ ಮಾಡಿದವನಿಗೆ ಯಾಕೆ ಮುಗಿಯಬೇಕು? ಚಪ್ಪಲಿ ಮೆಟ್ಟಿಕೊಂಡು ಬಜಾರಿನ ಕಡೆ ನಡೆದ.

ಬಸ್ಸಿನಲ್ಲಿ ನಿಮ್ಮತ್ತೆ ಬೇರೆ ಸೀಟಿನಲ್ಲಿ ಕುಳಿತಳು. ಇವತ್ತಿಗೆ ಮೂರನೆಯ ದಿನ, ನನ್ನ ಜೊತೆ ಮಾತಿಲ್ಲ. ನಿನ್ನ ಹೆಸರೂ ಎತ್ತಿಲ್ಲ. ಅವಳು ಏನು ಮಾಡುತ್ತಾಳೋ ನನಗೆ ತಿಳಿಯದು. ಟ್ರಂಕು ಇದ್ದಲ್ಲಿಯೇ ಇದೆ.

ಮಾಣಿಕಪ್ಪ


ಚಿತ್ತಾಪುರ
೫ ಜನವರಿ ೨೦೨೫

ವೈನಿ, ನಾನು ಅಂಬಿಕಾ. ಅವ್ವ ಹೇಳಿದ್ದನ್ನ ಹ್ಯಾಂಗ ಹೇಳಿದ್ಳೋ ಹಾಂಗೇ ಬರೀಲಿಕತ್ತೀನಿ. ಒಂದು ಅಕ್ಷರ ಆಕಡಿ ಈಕಡಿ ಮಾಡಬ್ಯಾಡ ಅಂದಾಳ.

ಪ್ರೀತಿ, ನಾ ನಿಮ್ಮ ಅತ್ತಿ ಸಾಬಮ್ಮ.

ಕೋರ್ಟಿನ್ಯಾಗ ನಿಮ್ಮ ಮಾವ ಅಂದದ್ದು ಕೇಳಿದೆ. ಎಂಟು ದಿನ ನಂಗ ಅನ್ನ ಸೇರಲಿಲ್ಲ. ನಿನ್ನ ಮ್ಯಾಲ ಭಾಳ ಸಿಟ್ಟು ಬಂತು. ಯಾಕ ಫೋನ್ ಮಾಡಿದ್ಳು, ಯಾಕ ಇಡಲಿಲ್ಲ, ಕೆಳಗ ಬಂದು ನಂಗ್ಯಾಕ ಹೇಳಲಿಲ್ಲ ಅಂತ. ಬಾಯಿಗೆ ಬಂದಂಗ ಬೈದೀನಿ, ಅಂಬಿಕಾನ್ನ ಕೇಳು. ಅದನ್ನೆಲ್ಲಾ ಬರಸಂಗಿಲ್ಲ.

ಬೈದು ಬೈದು ಸಾಕಾಗಿ ಕುಂತಾಗ ಒಂದು ತಿಳೀತು. ನನ್ನ ಮಗ ಒಬ್ಬನೇ ಹೋಗಿಲ್ಲ. ಎರಡು ವರ್ಷ ಅವ ಆ ರಸ್ತಾದಾಗ ಒಬ್ಬನೇ ಬಿದ್ದಿದ್ದು ನನ್ನ ಕಣ್ಣಾಗಿತ್ತು. ನೀ ಅವನ ಕಿವಿಯಾಗ ಇದ್ದಿ. ಮನ್ಯಾಗಿನ ದನಿ ಕೇಳ್ಕೋತ ಹ್ವಾದ.

ಈಗ ನಂಗ ಒಂದು ಹೇಳು. ನಿಮ್ಮ ಮಾವಗ ಬರಿಯಂಗಿಲ್ಲ ಅಂದಿಯಂತ. ಅವರಿಗಿ ಬರಿಬ್ಯಾಡ, ನಂಗ ಬರಿ. ನನ್ನ ಮಗ ಕಡೀಕ ಏನಂದ? ಚೊಲೋದಿರಲಿ, ಕೆಟ್ಟದಿರಲಿ, ನನ್ನ ಬೈದಿದ್ರೂ ನಡೀತದ. ಅದು ನನ್ನ ಹಕ್ಕಿನ ಮಾತು, ನೀ ಒಬ್ಬಾಕಿನೇ ಇಟ್ಕೊಂಡು ಕುಂದ್ರಬ್ಯಾಡ.


ಬೇಜ
೨೮ ಜನವರಿ ೨೦೨೫

ಅತ್ತಿಯವರಿಗಿ ಪ್ರೀತಿಯ ಶರಣು.

ಅಂಬಿಕಾ, ಇದನ್ನ ಅವ್ವಗ ಹೀಂಗೇ ಓದು. ಮಾವನವರು ಹೊರಗ ಹೋದಾಗ ಓದು, ಆಮ್ಯಾಲ ಅವರಿಗಿ ತೋರಸೂದು ಬಿಡೂದು ಅವ್ವನ ಮರ್ಜಿ.

ಅತ್ತಿ, ಆ ದಿನ ಮಧ್ಯಾಹ್ನ ಆಗಿದ್ದು ನಿಮಗ ನೆನಪದ ಇಲ್ಲೋ. ಬಾಜೂ ಮನಿ ಸೈದಾನಬಿ ಅವರ ಆಡು ಬಂದು ಅಂಗಳದಾಗ ಒಣಹಾಕಿದ್ದ ನಿಮ್ಮ ಹೊಸಾ ಇಳಕಲ್ ಸೀರಿ ಕೊಂಬಿಗಿ ಸಿಗಸ್ಕೊಂಡು ಓಡಿತ್ತು. ನೀವು ಕಸಬರಗಿ ಹಿಡ್ಕೊಂಡು ಹಿಂದ ಓಡಿದ್ರಿ, ನಿಮ್ಮ ಹಿಂದ ನಾ ಓಡಿದೆ. ಆಡು ಸೀರಿ ಸುತಗೊಂಡು ಬಸ್‌ಸ್ಟ್ಯಾಂಡಿನ್ಯಾಗ ವಾಡಿ ಬಸ್ಸಿನ ಬಾಗಲ ಮುಂದ ನಿಂತಿತ್ತು. ನೀವು ಅದರ ಮುಂದ ನಿಂತು ಸೆರಗ ಜಗ್ಗಲಿಕತ್ತಿದ್ರಿ. ಕಂಡಕ್ಟರ್ ಇಳದು ಬಂದು, “ಯವ್ವಾ, ಜಗಳ ಒಳಗ ಮಾಡ್ರಿ, ಮೊದಲ ಇಬ್ಬರದೂ ಟಿಕೇಟ್ ತಗೋರಿ” ಅಂದ. ಬಸ್‌ಸ್ಟ್ಯಾಂಡೇ ನಕ್ಕಿತು. ಯಾರಿಗೂ ಹೇಳಿಗೀಳಿದಿ ಅಂದ್ರ ನೋಡು ಅಂತ ನೀವು ನನ್ನ ಕಡಿಂದ ಆಣಿ ಮಾಡಿಸ್ಕೊಂಡ್ರಿ.

ಸಂಜೀ ತನಕ ತಡಕೊಂಡೆ. ಆಮ್ಯಾಲ ಮಾಳಗಿ ಏರಿ ಅವರಿಗಿ ಫೋನ್ ಮಾಡಿ ಹೇಳಿದೆ. ಅದಕ್ಕೇ ಇಡಬ್ಯಾಡ್ರಿ ಅಂದದ್ದು. ನಿಮ್ಮ ದನಿ ಮಾಡಿ ತೋರಸ್ಲಿಕತ್ತಿದ್ದೆ. ನಿಮ್ಮ ಮಗನ ಸಾವಿನ ಹೊತ್ತಿಗಿ ನಾ ನಿಮ್ಮನ್ನ ಆಡ್ಕೊಂಡು ನಗಾಕತ್ತಿದ್ದೆ ಅಂತ ಹ್ಯಾಂಗ ಹೇಳ್ಲಿ? ಅವರು ಭಾಳ ನಗಾಕತ್ತಿದ್ರು ಅತ್ತಿ. ಹೊಟ್ಟಿ ಹಿಡ್ಕೊಂಡು ನಗೂ ನಗಿ ಅದು. ಸಾಕು ಸಾಕು ಅನ್ನಕೋತ, ಮತ್ತ ನಗ್ಕೋತ. ಅವರಿಗಿ ನೋವು ಆಗ್ಯಾದೋ ಇಲ್ಲೋ ನಂಗ ಗೊತ್ತಿಲ್ಲ. ನಗಿ ಆಗಿದ್ದು ಗೊತ್ತದ.

ಇದನ್ನ ಬರೀಲಿಕತ್ತಾಗ ಅಳು ಬಂತು. ಭಾಳ ದಿನದ ಮ್ಯಾಲ ಬಂತು, ನಿಲ್ಲವಲ್ದು. ಅಜ್ಜಿ ಕೋಲು ಊರಿ ಬಂದು ಬಾಜೂಕ ಕುಂತಾರ.

ಕಡೀಕ ಅವರು ಅಂದದ್ದು ಇದು. ನಕ್ಕೋತನೇ ಕೇಳಿದ್ರು, “ಮತ್ತ ಅವ್ವ ಟಿಕೇಟ್ ತಗೊಂಡ್ಳೇನು?”

ನಾ ಉತ್ರ ಕೊಡೂದ್ರಾಗ ಹಾರನ್ ಬಂತು. ನಂಗ ಉತ್ರ ಗೊತ್ತೂ ಇರಲಿಲ್ಲ. ಆಡು ತಪ್ಪಿಸ್ಕೊಂಡಿತ್ತು, ನಾ ಅದನ್ನ ಹಿಡೀಲಿಕ್ಕ ಹೋಗಿದ್ದೆ, ನೀವು ಕಂಡಕ್ಟರನ ಕಡಿ ತಿರಗಿದ್ರಿ.

ಅವರಿಗಿ ಹೇಳಬೇಕಾಗ್ಯಾದ. ತಗೊಂಡಿದ್ರೇನು ಅತ್ತಿ?